ರೊಲಾಂದ್ ಸೀರ್ ಹಾಕಿದ ಮೂರನೆಯ ಸಹಿ

ಸೇಂಟ್ ಓಡಿಲ್ ಹೈಸ್ಕೂಲಿನ ಬಾಯ್ಲರ್ ಕೋಣೆಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆ ಇದೆ. ಮೇನ್ ರಾಜ್ಯದ ಈ ಉತ್ತರದ ತುದಿಯಲ್ಲಿ ಚಳಿಗಾಲ ಬಂದರೆ ಇಡೀ ಶಾಲೆಯಲ್ಲಿ ಬೆಚ್ಚಗಿರುವುದು ಅದೊಂದೇ. ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತವಳು ರೊಲಾಂದ್ ಸೀರ್. ಬಾಗಿಲ ಮೇಲೆ ‘ಕೌನ್ಸೆಲರ್’ ಎಂದು ಬರೆದಿತ್ತು. ಆ ಒಂದು ಪದದೊಳಗೆ ಏನೇನಿತ್ತು ಎಂದು ಕೇಳಿ: ಮಕ್ಕಳ ಟೈಮ್‌ಟೇಬಲ್ಲು ಅವಳದು, ಹೇನು ಬಿದ್ದ ತಲೆ ಅವಳದು, ಕುಡಿದು ಬಂದ ಅಪ್ಪಂದಿರಿಗೆ ಬುದ್ಧಿ ಹೇಳುವ ಕೆಲಸವೂ ಅವಳದು. ಇಷ್ಟೆಲ್ಲ ಆಗಿ ಸಮಯ ಮಿಕ್ಕರೆ ಕಾಲೇಜಿಗೆ ಹೋಗುವವರ ಅರ್ಜಿಗಳು.

ಸಮಯ ಮಿಗುತ್ತಿರಲಿಲ್ಲ. ಮಿಗಬೇಕೆಂದು ಯಾರೂ ಕೇಳಿದವರೂ ಇಲ್ಲ. ನಮ್ಮ ಕಣಿವೆಯ ಮಕ್ಕಳು ಓದಿದರೆ ರಾಜ್ಯದ ವಿಶ್ವವಿದ್ಯಾಲಯ, ಇಲ್ಲದಿದ್ದರೆ ಸೈನ್ಯ, ಅದೂ ಇಲ್ಲದಿದ್ದರೆ ಕಾಗದದ ಗಿರಣಿ. ರಾಜ್ಯದವರ ಅರ್ಜಿ ಎಂದರೆ ನಾಲ್ಕು ಪುಟ. ತುಂಬಿ ಕಳಿಸಿದರೆ ಮುಗಿಯಿತು. ರೊಲಾಂದ್ ಈ ಶಾಲೆಗೆ ಬಂದದ್ದೇ ಟೈಪಿಸ್ಟ್ ಆಗಿ. ಹಿಮ ಗುಡಿಸುವ ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ ಮನೆಯಲ್ಲಿ ಸಂಜೆ ಹೊತ್ತು ಏನು ಮಾಡುವುದೆಂದು ಪಾಠಕ್ಕೆ ಹೋಗಿ ಪದವಿ ತೆಗೆದುಕೊಂಡು ಈ ಕುರ್ಚಿಗೆ ಬಂದಳು. ಗಟ್ಟಿ ಹೆಂಗಸು, ಕೆಲಸಗಳ್ಳಿಯಲ್ಲ. ಊರಿನವರೆಲ್ಲ ಏನಿದ್ದರೂ ಅವಳನ್ನೇ ಕೇಳುತ್ತಿದ್ದರು. ಕೇಳಿ ಕೇಳಿ ಅವಳಿಗೊಂದು ರೋಗ ಅಂಟಿತ್ತು: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವಳಿಗೆ ಬರುತ್ತಿರಲಿಲ್ಲ.

ಆ ವರ್ಷ ಅಕ್ಟೋಬರ್ ಎರಡನೆಯ ವಾರದಲ್ಲಿ, ಆಲೂಗಡ್ಡೆ ಕೊಯ್ಲಿನ ಮೂರು ವಾರದ ರಜೆ ಮುಗಿದು ಶಾಲೆ ತೆರೆದ ದಿನವೇ, ಕೊರಿನ್ ಡೇಗಲ್ ಒಂದು ಕಾಗದ ಹಿಡಿದು ಬಂದಳು. ಮರದ ದಿಮ್ಮಿಯ ಲಾರಿ ಓಡಿಸುವ ರೆನೋ ಡೇಗಲನ ಒಬ್ಬಳೇ ಮಗಳು. ಕೊನೆಯ ತರಗತಿ, ಎಲ್ಲದರಲ್ಲೂ ಮೊದಲು. ಕೊಯ್ಲು ಯಂತ್ರದ ಮೇಲೆ ನಿಂತು, ಓಡುವ ಪಟ್ಟಿಯ ಮೇಲಿನ ಗೆಡ್ಡೆಗಳ ನಡುವಿಂದ ಕಲ್ಲು ಆರಿಸಿ ಎಸೆಯುವುದು ನಮ್ಮ ಮಕ್ಕಳ ಕೆಲಸ. ಉಳಿದವರು ಕಲ್ಲಿಗೆ ಶಾಪ ಹಾಕುತ್ತ ಎಸೆದರೆ ಈ ಹುಡುಗಿ ಅಂಗಿಯ ಜೇಬು ಹರಿಯುವಷ್ಟು ತುಂಬಿಕೊಂಡು ಮನೆಗೆ ತರುತ್ತಿದ್ದಳು. ಯಾವ ಕಲ್ಲು ಯಾವ ಬೆಟ್ಟದಿಂದ ಹಿಮದ ಜೊತೆ ಜಾರಿ ಬಂತು ಎಂದು ತಿಳಿಯುವ ಹುಚ್ಚು ಅವಳಿಗೆ. ಅದನ್ನು ಚೆನ್ನಾಗಿ ಕಲಿಸುವುದು ದೂರದ ದಕ್ಷಿಣದಲ್ಲಿರುವ ಆಲ್ಡರ್‌ಟನ್ ಕಾಲೇಜು. ಅಲ್ಲಿಗೆ ನಮ್ಮ ಶಾಲೆಯಿಂದ ಅದುವರೆಗೆ ಒಬ್ಬರೂ ಹೋಗಿರಲಿಲ್ಲ.

“ಮಿಸೆಸ್ ಸೀರ್, ಇದು ಮುಂಚಿನ ಅರ್ಜಿ. ನವೆಂಬರ್ ಒಂದರೊಳಗೆ ಹೋಗ್ಬೇಕು. ನನ್ನ ಸಹಿ ಆಯ್ತು. ಅಪ್ಪಂದು ಬೇಕು, ಆಮೇಲೆ ನಿಮ್ದು.”

“ನಂದ್ಯಾಕೆ? ನಾನೇನು ಕಾಲೇಜಿಗೆ ಹೊರಟಿದ್ದೀನಾ?”

“ನನಗೆ ನಿಯಮ ಎಲ್ಲಾ ಗೊತ್ತಿದೆ ಅಂತ ನೀವು ಸಾಕ್ಷಿ ಹೇಳ್ಬೇಕಂತೆ.”

“ಗೊತ್ತಿದ್ಯಾ ಮತ್ತೆ? ಹೇಳು ನೋಡೋಣ.”

“ಹೀಗೆ ಮುಂಚೆ ಹಾಕೋದು ಒಂದೇ ಕಾಲೇಜಿಗೆ. ಅವರು ಡಿಸೆಂಬರಲ್ಲೇ ಉತ್ತರ ಹೇಳ್ತಾರೆ. ಹೂಂ ಅಂದ್ರೆ ಮುಗೀತು, ಬೇರೆ ಕಡೆ ಹಾಕಿದ್ದನ್ನೆಲ್ಲ ವಾಪಸ್ ತಗೊಂಡು ಅಲ್ಲಿಗೇ ಹೋಗ್ಬೇಕು. ಮಾತು ತಪ್ಪೋ ಹಾಗಿಲ್ಲ.”

“ಅಷ್ಟೇ ತಾನೆ? ಒಳ್ಳೇ ನಿಯಮಾನೇ. ಯಾರೋ ಮನುಷ್ಯರೇ ಮಾಡಿರೋದು.”

ಸಂಜೆ ರೆನೋ ಬಂದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಪೆನ್ನನ್ನು ಸುತ್ತಿಗೆ ಹಿಡಿದಂತೆ ಹಿಡಿದು ಸಹಿ ಹಾಕಿದ. ಅವನೂ ರೊಲಾಂದಳೂ ಒಂದೇ ಬೀದಿಯಲ್ಲಿ ಬೆಳೆದವರು.

“ನೀನು ಪೂರಾ ಓದಿದ್ಯಾ ರೊಲಾಂದ್?”

“ಓದ್ದೆ ಕಣೋ. ನನ್ನ ಕೆಲಸ ಅಲ್ವಾ ಅದು?”

ಓದಿದ್ದು ಮೊದಲ ಪುಟ. ಎರಡನೆಯ ಪುಟದಲ್ಲಿ ಸಣ್ಣಕ್ಷರದ ಒಂದು ರಾಶಿ ಇತ್ತು; ಅದರ ಕೆಳಗೆ ಸಹಿಯ ಜಾಗ ಮಾತ್ರ ಅವಳಿಗೆ ಕಂಡಿತು. ಹೊರಗೆ ಇಬ್ಬರು ಹುಡುಗರು ಹೊಡೆದಾಡಿಕೊಂಡು ಮೂಗಲ್ಲಿ ರಕ್ತ ಸುರಿಸುತ್ತ ನಿಂತಿದ್ದರು. ಸಹಿ ಹಾಕಿ ಎದ್ದಳು.

ಆ ನಿಯಮ ಅವಳಿಗೆ ಹೊಸದೆನಿಸದೆ ಇದ್ದುದಕ್ಕೂ ಕಾರಣವಿದೆ. ನಮ್ಮ ಕಣಿವೆಯಲ್ಲಿ ಆಗಸ್ಟ್ ಕೊನೆಗೆ ರೈತ ಬಂದು ಅಡುಗೆಮನೆಯಲ್ಲಿ ಕೂತು, ಹುರುಳಿಹಿಟ್ಟಿನಂಥ ಒರಟು ಹಿಟ್ಟಿನ ನಮ್ಮ ದೋಸೆ ತಿಂದು, ಮನೆಯ ಹುಡುಗ ಹುಡುಗಿಯರ ಕೈಕುಲುಕಿ ಹೋದನೆಂದರೆ ಆ ಕೊಯ್ಲಿಗೆ ಅವರು ಅವನವರು. ಪಕ್ಕದ ಹೊಲದವನು ಎಷ್ಟೇ ಆಸೆ ತೋರಿಸಲಿ, ಹೋಗುವಂತಿಲ್ಲ. ಮಳೆ ಹೊಡೆದು ನೆಲ ಕೆಸರಾಗಿ, “ಇವತ್ತು ಬೇಡ, ಕಾದಿರಿ, ಕರೀತೀನಿ” ಎಂದರೆ ಕಾಯಬೇಕು. ಅವನಾಗಿಯೇ “ನಿಮ್ಮ ದಾರಿ ನೋಡ್ಕೊಳ್ಳಿ” ಎನ್ನುವವರೆಗೆ ಕಾಯಬೇಕು. ಬರವಣಿಗೆಯಲ್ಲಿ ಎಲ್ಲೂ ಇಲ್ಲದ ಈ ಕಟ್ಟಳೆಯನ್ನು ಮುರಿದವರನ್ನು ನಮ್ಮೂರು ಮರೆಯುವುದಿಲ್ಲ.

ರೊಲಾಂದ್ ಹದಿನಾಲ್ಕನೆಯ ವಯಸ್ಸಿನಲ್ಲಿ ಮುರಿದಿದ್ದಳು. ಮಿಶೋ ಮನೆತನದ ಹೊಲಕ್ಕೆ ಕೈಕುಲುಕಿ ಒಪ್ಪಿಕೊಂಡಿದ್ದವಳು, ನಾಲ್ಕು ದಿನ ಮಳೆ ಹಿಡಿದಾಗ ಬೇಸತ್ತು, ದಿಬ್ಬದ ಮೇಲಿನ ಒಣ ಹೊಲವೊಂದಕ್ಕೆ ಒಂದು ದಿನ ಹೋಗಿಬಂದಳು. ಒಂದೇ ದಿನ. ಅಪ್ಪನಿಗೆ ಗೊತ್ತಾಯಿತು. ಮರುದಿನ ಕೈ ಹಿಡಿದು ಎಳೆದುಕೊಂಡು ಹೋಗಿ ಮಿಶೋ ಹೊಲದಲ್ಲಿ ಎಲ್ಲರ ಮುಂದೆ ನಿಲ್ಲಿಸಿ, “ನಾನು ಮಾತು ತಪ್ಪಿದೆ” ಎಂದು ಮೂರು ಸಲ ಹೇಳಿಸಿದ. ನಲವತ್ತನಾಲ್ಕು ವರ್ಷವಾದರೂ ಆ ಹೊಲದ ಪಕ್ಕ ಕಾರು ಓಡಿಸುವಾಗ ಅವಳ ಕಿವಿ ಬಿಸಿಯಾಗುತ್ತಿತ್ತು. ಮಕ್ಕಳಿಗೆ ಹೀಗೆ ಮಾಡುವ ಅಪ್ಪಂದಿರ ಮೇಲೆ ನನಗೆ ಸಿಟ್ಟಿದೆ. ಅವರು ಹೇಳಿಕೊಟ್ಟದ್ದು ಎಲ್ಲಿ ಹೋಗಿ ಯಾರ ತಲೆಗೆ ಬಡಿಯುತ್ತದೆಂದು ಅವರಿಗೇ ಗೊತ್ತಿರುವುದಿಲ್ಲ.

ಡಿಸೆಂಬರ್ ಮೊದಲ ವಾರ ರಾಜ್ಯದ ವಿಶ್ವವಿದ್ಯಾಲಯದಿಂದ ಕೊರಿನ್‌ಗೆ ಪತ್ರ ಬಂತು. ಸೀಟು ಕೊಟ್ಟಿದ್ದರು, ಜೊತೆಗೆ ನಾಲ್ಕು ವರ್ಷದ ಶುಲ್ಕವನ್ನೂ ಬಿಟ್ಟುಕೊಟ್ಟಿದ್ದರು. ಅಲ್ಲಿಗೆ ಹಾಕಿದ್ದು ಮಾತು ಕೊಡದೆ ಹಾಕುವ ಸಾದಾ ಅರ್ಜಿ. ಬೇಕಾದರೆ ಹೋಗಬಹುದು, ಬೇಡವಾದರೆ ಬಿಡಬಹುದು. ಹದಿನೈದನೆಯ ತಾರೀಕು ಆಲ್ಡರ್‌ಟನ್‌ನ ಉತ್ತರ ಬಂತು. ಅದರಲ್ಲಿ ಹೂಂ ಇರಲಿಲ್ಲ, ಉಹೂಂ ಕೂಡ ಇರಲಿಲ್ಲ. ‘ನಿಮ್ಮ ಅರ್ಜಿಯನ್ನು ವಸಂತಕ್ಕೆ ಮುಂದೂಡಿದ್ದೇವೆ, ಉಳಿದವರ ಅರ್ಜಿಗಳ ಜೊತೆ ಇನ್ನೊಮ್ಮೆ ನೋಡುತ್ತೇವೆ’ ಎಂದಿತ್ತು.

ಕೊರಿನ್ ಆ ಪತ್ರ ಹಿಡಿದು ಬಾಯ್ಲರ್ ಪಕ್ಕದ ಕೋಣೆಗೆ ಬಂದಾಗ ರೊಲಾಂದ್ ಜ್ವರದ ಮಕ್ಕಳನ್ನು ಮನೆಗೆ ಕಳಿಸುವ ಗಡಿಬಿಡಿಯಲ್ಲಿದ್ದಳು.

“ಈಗೇನ್ ಮಾಡ್ಲಿ ಮಿಸೆಸ್ ಸೀರ್? ಇನ್ನೂ ನಾಲ್ಕು ಕಾಲೇಜಿಂದು ಅರ್ಜಿ ತುಂಬಿಟ್ಟಿದ್ದೀನಿ. ಎರಡಕ್ಕೆ ಜನವರಿ ಒಂದು ಕೊನೇ ದಿನ. ಕಳಿಸ್ಬಹುದಾ?”

“ಆಲ್ಡರ್‌ಟನ್‌ನೋರು ಬೇಡ ಅಂದ್ರಾ?”

“ಇಲ್ಲ.”

“ನಿನ್ನ ದಾರಿ ನೋಡ್ಕೋ ಅಂದ್ರಾ?”

“ಅದೂ ಇಲ್ಲ. ಮತ್ತೆ ನೋಡ್ತೀವಿ ಅಂದಿದ್ದಾರೆ.”

“ಹಾಗಾದ್ರೆ ಕಾಯಿ. ಅವರು ಬಿಡೋವರೆಗೂ ನೀನು ಅವರವಳು. ಎರಡು ದೋಣೀಲಿ ಕಾಲಿಟ್ಟೋರು ನೀರಿಗೇ ಬೀಳೋದು. ಆ ನಾಲ್ಕನ್ನ ಮುಚ್ಚಿಡು. ರಾಜ್ಯದವರಿಗೆ ಬೇಡ ಅಂತ ಬರೆದು ಹಾಕು, ಪಾಪ ಅವರನ್ನೂ ಸುಮ್ನೆ ಕಾಯಿಸ್ಬಾರ್ದು.”

“ನಿಜವಾಗ್ಲೂ? ರಾಜ್ಯದವರದ್ದೂ ಬಿಡ್ಬೇಕಾ?”

“ಇಪ್ಪತ್ತಾರು ವರ್ಷದಿಂದ ಇಲ್ಲೇ ಕೂತಿದ್ದೀನಿ ಕಣೇ.”

ಕೂತಿದ್ದಳು, ಅದು ನಿಜ. ಆಲ್ಡರ್‌ಟನ್‌ನ ಫೋನ್ ನಂಬರು ಪತ್ರದ ಕೆಳಗೇ ಇತ್ತು. ಎರಡನೆಯ ಪುಟದ ಪ್ರತಿ ಅವಳ ಹಿಂದಿನ ಕಪಾಟಿನಲ್ಲೇ ಇತ್ತು. ಎದ್ದು ಕೈಚಾಚಿದರೆ ಸಿಗುವಷ್ಟು ಹತ್ತಿರ. ಅವಳು ಅದಾವುದನ್ನೂ ಮಾಡಲಿಲ್ಲ. ಬದಲಿಗೆ, ಹುಡುಗಿಗೆ ಸಹಾಯವಾಗಲಿ ಎಂದು, ರಾಜ್ಯದವರಿಗೆ ಸೀಟು ಬೇಡವೆನ್ನುವ ಪತ್ರವನ್ನು ತಾನೇ ಟೈಪು ಮಾಡಿಕೊಟ್ಟಳು. ಟೈಪಿಸ್ಟ್ ಆಗಿದ್ದವಳಲ್ಲವೇ, ಒಂದು ತಪ್ಪಿಲ್ಲದ ಪತ್ರ.

ಆ ಚಳಿಗಾಲ ರೆನೋ ಹೋದಲ್ಲೆಲ್ಲ ಅದನ್ನೇ ಹೇಳಿಕೊಂಡ. ಚರ್ಚಿನ ಶನಿವಾರದ ಊಟದಲ್ಲಿ, ಬಟ್ಟಲ ತುಂಬ ಬೇಯಿಸಿದ ಬೀನ್ಸ್ ಹಾಕಿಕೊಂಡು, “ರಾಜ್ಯದವರು ಬಿಟ್ಟಿ ಓದಿಸ್ತೀನಿ ಅಂದ್ರು ಕಣ್ರಯ್ಯಾ. ನನ್ ಮಗಳು ಬೇಡ ಅಂದ್ಲು. ಮಾತು ಕೊಟ್ಟ ಕಡೆ ಕಾಯ್ತಿದ್ದಾಳೆ” ಎನ್ನುತ್ತಿದ್ದ. ಮುದುಕರು ತಲೆದೂಗುತ್ತಿದ್ದರು. ಈಗಿನ ಕಾಲದಲ್ಲೂ ಇಂಥ ಮಕ್ಕಳಿದ್ದಾರಲ್ಲ ಎನ್ನುತ್ತಿದ್ದರು. ಪಕ್ಕದ ಮೇಜಿನಲ್ಲಿ ಕೂತ ರೊಲಾಂದಳಿಗೂ ಹೆಮ್ಮೆಯೇ ಆಗುತ್ತಿತ್ತು.

ಮಾರ್ಚ್ ಕೊನೆಯಲ್ಲಿ ಆಲ್ಡರ್‌ಟನ್ ‘ಇಲ್ಲ’ ಎಂದಿತು. ಕೊರಿನ್ ಅಳಲಿಲ್ಲ. ಪತ್ರದ ಪ್ರತಿಯನ್ನು ಮೇಜಿನ ಮೇಲಿಟ್ಟು, “ನೀವೊಂದ್ಸಲ ನೋಡಿ” ಎಂದು ಹೇಳಿ ತರಗತಿಗೆ ಹೋದಳು. ರೊಲಾಂದ್ ಫೋನು ಎತ್ತಿದಳು. ಜಗಳಕ್ಕೇ ನಿಂತಳು ಎನ್ನಬೇಕು.

“ಆ ಹುಡುಗಿ ನಿಮ್ಮನ್ನ ನಂಬಿಕೊಂಡು ಎಲ್ಲಾ ಬಿಟ್ಟು ಕೂತಳು. ಸಿಕ್ಕಿದ್ದ ಸೀಟೂ ಬಿಟ್ಟಳು. ಮೂರು ತಿಂಗಳು ಕಾಯಿಸಿ ಈಗ ಇಲ್ಲ ಅಂತೀರಲ್ಲ, ಇದು ನ್ಯಾಯಾನಾ?”

ಆ ಕಡೆ ಇದ್ದವನು ಚಿಕ್ಕ ವಯಸ್ಸಿನವನು.

“ಬಿಟ್ಟಿದ್ಯಾಕೆ ಮೇಡಂ?” ಎಂದ. “ಮುಂದೂಡಿದ ದಿನವೇ ಆ ಒಪ್ಪಂದ ಬಿದ್ದುಹೋಯ್ತಲ್ಲ. ಅವತ್ತಿಂದ ಅವರು ಎಲ್ಲಿಗೆ ಬೇಕಾದ್ರೂ ಹಾಕ್ಬಹುದಿತ್ತು. ಒಪ್ಪಂದದ ಎರಡನೇ ಪುಟದಲ್ಲಿದೆ ನೋಡಿ. ನಿಮ್ಮ ಸಹಿ ಮೇಲೇ ಇದೆ.”

ರೊಲಾಂದ್ ಕಪಾಟು ತೆಗೆದಳು. ‘ಅರ್ಜಿಯನ್ನು ಮುಂದೂಡಿದಲ್ಲಿ ವಿದ್ಯಾರ್ಥಿಯು ಈ ಕಟ್ಟುಪಾಡಿನಿಂದ ಬಿಡುಗಡೆ ಹೊಂದಿದಂತೆ.’ ಒಂದೇ ಸಾಲು. ಅದರ ಕೆಳಗೆ ಮೂರು ಸಹಿ, ಮೂರನೆಯದು ಅವಳದು. ಅದೆಷ್ಟು ಹೊತ್ತು ಅದನ್ನೇ ನೋಡಿದಳೋ. ಗಂಟೆ ಹೊಡೆಯಿತು, ಮಕ್ಕಳು ಓಡಾಡಿದರು, ಯಾರೋ ಬಾಗಿಲು ತಟ್ಟಿ ಹೋದರು.

ಆಮೇಲಿನ ಎರಡು ದಿನ ಅವಳು ಫೋನು ಕೆಳಗಿಡಲಿಲ್ಲ. ಮುಚ್ಚಿಟ್ಟ ಆ ನಾಲ್ಕು ಅರ್ಜಿಗಳ ಕಾಲೇಜುಗಳಿಗೆಲ್ಲ ಮಾಡಿದಳು. ಎಲ್ಲರದೂ ಬಾಗಿಲು ಹಾಕಿ ಆಗಿತ್ತು. ರಾಜ್ಯದವರು ಮರ್ಯಾದೆಯಿಂದಲೇ ಮಾತಾಡಿದರು. ಸೀಟು ಬೇಕಾದರೆ ಈಗಲೂ ಕೊಡಬಹುದು, ಆದರೆ ಶುಲ್ಕದ ಮಾಫಿ ಪಟ್ಟಿಯಲ್ಲಿ ಮುಂದಿನವರಿಗೆ ಜನವರಿಯಲ್ಲೇ ಹೋಯಿತು, ಒಮ್ಮೆ ಬೇಡವೆಂದವರಿಗೆ ಮತ್ತೆ ಕೊಡುವ ಪದ್ಧತಿಯೂ ಇಲ್ಲ ಎಂದರು. ಮಾಫಿ ಇಲ್ಲದೆ ಲಾರಿ ಓಡಿಸುವವನ ಮಗಳು ಅಲ್ಲಿಗೆ ಹೋಗುವ ಮಾತೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತು ಬಾಯಿಗೇ ಬಂದಿತ್ತು; ಉಗುಳು ಎಂದು ಹೇಳಿದವಳು ರೊಲಾಂದ್. ಮುಂದಿನ ವರ್ಷ ಮತ್ತೆ ಹಾಕಿದರಾಯಿತು ಎಂದು ನೀವು ಹೇಳಬಹುದು. ಒಂದು ವರ್ಷ ಇದ್ದು ಹೋಗುತ್ತೇನೆ ಎಂದು ಊರಲ್ಲಿ ಉಳಿದವರನ್ನು ರೊಲಾಂದ್ ಇಪ್ಪತ್ತಾರು ವರ್ಷದಲ್ಲಿ ಬಹಳ ಮಂದಿ ಕಂಡಿದ್ದಳು. ಹೋದವರೊಬ್ಬರನ್ನೂ ಕಂಡಿರಲಿಲ್ಲ.

ಶನಿವಾರ ಮಧ್ಯಾಹ್ನ ಡೇಗಲ್ ಮನೆಗೆ ಹೋದಳು. ರೆನೋ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಕೊರಿನ್ ಒಡೆದದ್ದನ್ನು ಜೋಡಿಸುತ್ತಿದ್ದಳು.

“ರೆನೋ, ತಪ್ಪು ನಂದು” ಎಂದಳು, ಕಾರಿನಿಂದ ಇಳಿದವಳೇ. ಕಾಗದ ತೋರಿಸಿದಳು. ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಅವನು ಕೊಡಲಿ ಊರಿಕೊಂಡು ನಿಂತು ಪೂರಾ ಕೇಳಿದ.

“ಅಂದ್ರೆ, ಕಾದಿರಿ ಅಂತಾನೂ ಅಂತಾರೆ, ಕಾಯದೆ ಬೇರೆಯವರ ಹತ್ರ ಓಡಿಹೋದ್ರೂ ಪರವಾಗಿಲ್ಲ ಅಂತಾರಾ?”

“ಹೂಂ ಕಣೋ. ಅದೇ ನಿಯಮ.”

“ಥೂ. ಇದು ಕಳ್ಳರ ನಿಯಮ ಬಿಡು.”

“ಕಳ್ಳರದ್ದೋ ಒಳ್ಳೆಯವರದ್ದೋ, ನಾನದನ್ನ ಓದ್ಬೇಕಾಗಿತ್ತು. ನಾನು ಓದದೇ ಸಹಿ ಹಾಕಿದೆ. ನಿನ್ನ ಮಗಳ ಸೀಟು ಹೋಗಿದ್ದು ನನ್ನಿಂದ. ಕೇಳಿಸ್ತಾ ರೆನೋ? ನನ್ನಿಂದ.”

“ಸುಮ್ನಿರು ರೊಲಾಂದ್, ಬಾಯಿಗೆ ಬಂದಂಗೆ ಆಡ್ಬೇಡ. ನೀನು ಸರಿಯಾಗೇ ಹೇಳಿದ್ದೆ. ಅವರು ಕೆಟ್ಟವರಾದ್ರೆ ನಾವೂ ಕೆಡ್ಬೇಕಾ? ನನ್ ಮಗಳು ಮಾತು ತಪ್ಪಲಿಲ್ಲ. ನನಗಷ್ಟು ಸಾಕು. ಬಾ, ಕಾಫಿ ಕುಡಿ.”

ಬೈಸಿಕೊಳ್ಳಬೇಕೆಂದು ಹೋದವಳು ಅವಳು. ಕೊಡಲಿ ಎತ್ತಿ ಅಟ್ಟಿಸಿಕೊಂಡು ಬಂದಿದ್ದರೂ ಸಮಾಧಾನವಾಗುತ್ತಿತ್ತು. ಅವನು ಕಾಫಿಗೆ ಕರೆದ. ಕುಡಿದಳು. ಅವನ ಮುಖ ನೋಡಿದರೆ ಅವನು ಕ್ಷಮಿಸಿದ್ದೂ ಅಲ್ಲ. ಅವನ ಪಾಲಿಗೆ ಅಲ್ಲಿ ತಪ್ಪೇ ನಡೆದಿರಲಿಲ್ಲ. ಇನ್ನೇನು ಹೇಳಿದರೂ ಆ ಚಳಿಗಾಲವಿಡೀ ಅವನು ಹೊತ್ತು ತಿರುಗಿದ ಹೆಮ್ಮೆಯನ್ನು ಕಿತ್ತುಕೊಂಡಂತಾಗುತ್ತಿತ್ತು.

ಕೊರಿನ್ ಕಾರಿನವರೆಗೆ ಜೊತೆಗೆ ಬಂದಳು.

“ನನಗೆ ಗೊತ್ತಿತ್ತು ಮಿಸೆಸ್ ಸೀರ್” ಎಂದಳು.

“ಏನು ಗೊತ್ತಿತ್ತು?”

“ಆ ಸಾಲು. ಜನವರಿ ಹತ್ತಕ್ಕೆ ಮನೇಲಿದ್ದ ಪ್ರತಿ ತೆಗೆದು ನೋಡಿದ್ದೆ.”

ರೊಲಾಂದ್ ತಿರುಗಿ ನಿಂತಳು. ಕಾರಿನ ಬಾಗಿಲು ಹಿಡಿದುಕೊಂಡಳು.

“ಹತ್ತಕ್ಕಾ? ಆ ನಾಲ್ಕರಲ್ಲಿ ಎರಡಕ್ಕೆ ಫೆಬ್ರವರಿ ಒಂದರವರೆಗೂ ಸಮಯ ಇತ್ತಲ್ಲೇ ತಾಯೀ! ಯಾಕೆ ಬಂದು ಹೇಳ್ಲಿಲ್ಲ? ಯಾಕೆ ಸುಮ್ನೆ ಕಳಿಸ್ಲಿಲ್ಲ?”

“ನೀವು ಓದಿರ್ತೀರ ಅಂದ್ಕೊಂಡೆ. ಓದಿದ ಮೇಲೂ ಕಾಯಿ ಅಂದಿದ್ದೀರಿ ಅಂದ್ರೆ ಕಾಗದದಲ್ಲಿ ಇಲ್ಲದ್ದು ಏನೋ ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ.” ಹುಡುಗಿ ಕೈಗವಸಿಗೆ ಅಂಟಿದ ತೊಗಟೆ ಕೀಳುತ್ತ ನಿಂತಳು. “ಅಪ್ಪಾನೂ ಊರಿಗೆಲ್ಲ ಹೇಳ್ಕೊಂಡು ಬಂದಿದ್ರು.”

ರೊಲಾಂದ್ ಕೈಯಲ್ಲಿದ್ದ ಕಾಗದವನ್ನು ಮಡಚಿದಳು.

“ನೀವು ಓದಿರ್ಲಿಲ್ವಾ?”

“ಇಲ್ಲ ಮಗಳೇ. ಓದಿರ್ಲಿಲ್ಲ.”

“ಹೂಂ” ಎಂದಳು ಕೊರಿನ್. ಅದರಲ್ಲಿ ಸಿಟ್ಟು ಇರಲಿಲ್ಲ. ಇದುವರೆಗೆ ತಿಳಿಯದೆ ಉಳಿದಿದ್ದ ಲೆಕ್ಕವೊಂದರ ಉತ್ತರ ಸಿಕ್ಕಾಗ ತರಗತಿಯಲ್ಲಿ ಹೇಗೆ ಹೂಂ ಎನ್ನುತ್ತಿದ್ದಳೋ ಹಾಗೆ. ಆಮೇಲೆ, “ತಿರುವಿನ ಹತ್ರ ಇನ್ನೂ ಐಸ್ ಇದೆ, ನಿಧಾನ ಹೋಗಿ” ಎಂದು ಬಾಗಿಲು ಹಾಕಿಕೊಟ್ಟಳು.

ಆ ದಿನದ ಮೇಲೆ ರೊಲಾಂದ್ ಕೆಲಸ ಬಿಡಲಿಲ್ಲ. ಬಿಟ್ಟರೆ ಆ ಕುರ್ಚಿಗೆ ಯಾರೂ ಬರುವವರಿರಲಿಲ್ಲ. ಅವಳ ಹತ್ತಿರ ಯಾವ ಮಗು ಏನು ಕೇಳಿದರೂ, “ಕಾಗದ ತಗೊಂಡ್ಬಾ, ಇಬ್ರೂ ಕೂತು ಓದೋಣ” ಎನ್ನತೊಡಗಿದಳು. ಹತ್ತು ನಿಮಿಷದ ಕೆಲಸ ಒಂದು ಗಂಟೆಯಾಯಿತು. ಮಕ್ಕಳು ಬೆನ್ನ ಹಿಂದೆ ಆಡಿಕೊಂಡರು, ಮುದುಕಿಗೆ ಕಣ್ಣು ಕಾಣಿಸ್ತಿಲ್ಲ ಎಂದರು. ಇದರಿಂದ ಮುಂದಿನವರಿಗೆ ಒಳ್ಳೆಯದೇ ಆಗಬಹುದು. ಕೊರಿನ್‌ಗೆ ಏನೂ ಆಗಲಿಲ್ಲ.

ಜೂನ್ ತಿಂಗಳಲ್ಲಿ ಕೊನೆಯ ತರಗತಿಯವರನ್ನು ಬೀಳ್ಕೊಡುವ ಸಮಾರಂಭ ಶಾಲೆಯ ಜಿಮ್‌ನಲ್ಲಿ ನಡೆಯುತ್ತದೆ. ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ಪ್ರಮಾಣಪತ್ರ ತೆಗೆದುಕೊಳ್ಳುವಾಗ ಅವರ ಹೆಸರು, ಮುಂದೆ ಎಲ್ಲಿಗೆ ಹೋಗುತ್ತಾರೆ ಎನ್ನುವುದು, ಇವೆರಡನ್ನು ಮೈಕಿನಲ್ಲಿ ಓದುವುದು ಕೌನ್ಸೆಲರಳ ಪಾಲು. ಏನು ಓದಬೇಕೆಂದು ಮಕ್ಕಳೇ ಚೀಟಿ ಬರೆದುಕೊಡುತ್ತಾರೆ. ಕೊರಿನ್ ಕೊಟ್ಟ ಚೀಟಿಯಲ್ಲಿ ಹೆಸರು ಮಾತ್ರ ಇತ್ತು. ಹೆಸರಿನ ಮುಂದೆ ರೊಲಾಂದ್ ತಾನೇ ಬರೆದಳು: ‘ನಾನು ಮಾಡಿದ ತಪ್ಪಿನಿಂದ ಇವಳಿಗೆ ಸಿಕ್ಕಿದ್ದ ಕಾಲೇಜು ತಪ್ಪಿತು.’ ಊರ ಮುಂದೆ ಇದನ್ನು ಓದಿಯೇ ಓದುತ್ತೇನೆ ಎಂದು ವಾರವಿಡೀ ಮನಸ್ಸು ಗಟ್ಟಿಮಾಡಿಕೊಂಡಿದ್ದಳು.

ತರಗತಿಗೆ ಮೊದಲಿಗಳಾದ್ದರಿಂದ ಕೊರಿನ್ ಹೆಸರೇ ಮೊದಲು. ಹುಡುಗಿ ನೀಲಿ ನಿಲುವಂಗಿಯಲ್ಲಿ ಮೆಟ್ಟಿಲು ಹತ್ತಿದಳು. ಮೂರನೆಯ ಸಾಲಿನಲ್ಲಿ ರೆನೋ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಚಪ್ಪಾಳೆಗೆ ಎರಡು ಕೈಯನ್ನೂ ಎದೆಯ ಮಟ್ಟಕ್ಕೆ ಎತ್ತಿ, ಆಗಲೇ ಎದ್ದು ನಿಂತಿದ್ದ. ಅವನ ಮುಖ ನೋಡಿ ರೊಲಾಂದ್ ತಾನು ಬರೆದ ಸಾಲಿನ ಮೇಲೆ ಹೆಬ್ಬೆರಳು ಇಟ್ಟಳು. ಅವನಿಗಾಗಿ ಸುಮ್ಮನಾದೆ ಎಂದು ಆಮೇಲೆ ಅವಳೇ ಹೇಳಿಕೊಂಡದ್ದುಂಟು. ಅಷ್ಟೇ ಅಲ್ಲ, ಹೆದರಿಕೆಯೂ ಇತ್ತು, ಸುಳ್ಳೇಕೆ ಹೇಳಲಿ.

“ಕೊರಿನ್ ಡೇಗಲ್” ಎಂದು ಓದಿದಳು. “ಈಕೆ... ಈಕೆ ನಮ್ಮೂರಲ್ಲೇ ಇರ್ತಾಳೆ.”

ಜಿಮ್ ಬಿದ್ದುಹೋಗುವಷ್ಟು ಚಪ್ಪಾಳೆ ಬಿತ್ತು. ವರ್ಷವರ್ಷವೂ ಮಕ್ಕಳು ದಕ್ಷಿಣಕ್ಕೆ ಹೋಗಿ ತಿರುಗಿ ಬಾರದ ಊರು ಇದು. ಅಜ್ಜಿಯರು ಕುರ್ಚಿ ಹಿಡಿದು ಎದ್ದು ನಿಂತರು. ಹಿಂದಿನಿಂದ ಯಾರೋ ಶಿಳ್ಳೆ ಹಾಕಿ, “ಭೇಷ್ ಮಗಳೇ! ನೀನೊಬ್ಳಾದ್ರೂ ಉಳ್ಕೊಂಡ್ಯಲ್ಲ!” ಎಂದು ಕೂಗಿದರು. ಕೊರಿನ್ ಪ್ರಮಾಣಪತ್ರ ಹಿಡಿದು, ಸದ್ದು ನಿಂತರೆ ಇಳಿದುಹೋಗೋಣವೆಂದು ಮೆಟ್ಟಿಲ ತಲೆಯಲ್ಲಿ ನಿಂತಳು. ಮುಂದಿನ ಹೆಸರು ಓದಲು ರೊಲಾಂದ್ ಮೈಕಿನ ಮುಂದೆ ನಿಂತೇ ಇದ್ದಳು. ಚಪ್ಪಾಳೆ ನಿಲ್ಲಲೇ ಇಲ್ಲ.